ಬೂದಿ ಕಂಬದ ಎತ್ತರವೂ ನಮ್ಮ ಅವಸರದ ತೀರ್ಪುಗಳೂ

ಜ್ವಾಲಾಮುಖಿಯ ಬೂದಿ ಎತ್ತ ಸಾಗುತ್ತದೆ ಎಂಬ ಮುನ್ಸೂಚನೆ ತುಸು ಹುಸಿಯಾದರೂ ಹವಾಮಾನ ತಜ್ಞರನ್ನು ಗೇಲಿ ಮಾಡುವುದು ವಾಡಿಕೆಯಾಗಿಬಿಟ್ಟಿದೆ. ತಪ್ಪು ಹುಟ್ಟುವುದು ಹೆಚ್ಚಾಗಿ ಲೆಕ್ಕದಲ್ಲಲ್ಲ, ಲೆಕ್ಕಕ್ಕೆ ಮೊದಲು ಬೇಕಾದ ಅಳತೆಯಲ್ಲಿ ಎಂಬುದನ್ನು ಗೇಲಿ ಮಾಡುವವರು ಗಮನಿಸುವುದಿಲ್ಲ.

ಗುಡುಗು ಮೋಡವೂ ಬೂದಿ ಕಂಬವೂ ಮೇಲೇರುವ ಬಗೆ ಬಹುಮಟ್ಟಿಗೆ ಒಂದೇ. ಸುತ್ತಲಿನ ಗಾಳಿಗಿಂತ ಬಿಸಿಯಾಗಿ ಹಗುರಾದ ರಾಶಿಯು ಅಕ್ಕಪಕ್ಕದ ಗಾಳಿಯನ್ನು ಒಳಗೆಳೆದುಕೊಳ್ಳುತ್ತ ಏರಿ, ತನ್ನಷ್ಟೇ ಸಾಂದ್ರತೆಯ ಗಾಳಿ ಎದುರಾದ ಮಟ್ಟದಲ್ಲಿ ಅಡ್ಡಲಾಗಿ ಹರಡಿಕೊಳ್ಳುತ್ತದೆ. ಒಂದರ ನೆತ್ತಿ ಕಮ್ಮಾರನ ಅಡಿಗಲ್ಲಿನಂತೆ, ಇನ್ನೊಂದರದು ಬಿಚ್ಚಿದ ಕೊಡೆಯಂತೆ. ರಭಸ ಹೆಚ್ಚಿದ್ದರೆ ಆ ಚಪ್ಪಟೆ ನೆತ್ತಿಯ ನಡುವೆ ಉಬ್ಬೊಂದು ಏಳುತ್ತದೆ. ಸಂಜೆಯ ಓರೆಬಿಸಿಲಿನ ಉಪಗ್ರಹ ಚಿತ್ರಗಳಲ್ಲಿ ಅದರ ನೀಳ ನೆರಳು ಮೋಡದ ಮೇಲೆಯೇ ಚಾಚಿಕೊಂಡಿರುವುದನ್ನು ನೋಡುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಮುನ್ಸೂಚನೆಯಲ್ಲಿ ಮಾತ್ರ ಇವೆರಡೂ ತದ್ವಿರುದ್ಧ. ಗುಡುಗು ಮಳೆಗೆ ಬೇಕಾದ ತೇವ ಮತ್ತು ಬಿಸಿ ಗಾಳಿಯಲ್ಲಿ ಎಷ್ಟು ಕೂಡಿದೆ ಎಂಬುದನ್ನು ಬಲೂನು ಹಾರಿಸಿ ಮೊದಲೇ ಅಳೆಯಬಹುದು, ಆದರೆ ಮೋಡ ಯಾವ ಜಾಗದಲ್ಲಿ ಎದ್ದೀತೆಂದು ಖಚಿತವಾಗಿ ಹೇಳಲಾಗದು. ಜ್ವಾಲಾಮುಖಿಯ ಜಾಗ ಗೊತ್ತಿರುತ್ತದೆ, ಅದು ಎಷ್ಟು ಬೂದಿ ಉಗುಳುತ್ತದೆ ಎಂಬುದು ಗೊತ್ತಿರುವುದಿಲ್ಲ. ಹೀಗಾಗಿ ಕಂಬದ ಎತ್ತರವನ್ನು ನೋಡಿ ಪ್ರಮಾಣವನ್ನು ಊಹಿಸಬೇಕಾಗುತ್ತದೆ. ಆ ಪ್ರಮಾಣವು ಸುಮಾರಾಗಿ ಎತ್ತರದ ನಾಲ್ಕನೇ ಘಾತಕ್ಕೆ ಅನುಗುಣವಾಗಿರುತ್ತದೆ: 10 ಕಿ.ಮೀ. ಕಂಬವನ್ನು 12 ಕಿ.ಮೀ. ಎಂದು ಬಗೆದರೆ ಬೂದಿಯ ಲೆಕ್ಕ ಎರಡರಷ್ಟಾಗುತ್ತದೆ.

ಎತ್ತರವನ್ನು ಅಳೆಯುವುದೂ ಸುಲಭವಲ್ಲ. ಮೋಡದ ನೆತ್ತಿಯ ಉಷ್ಣತೆಯನ್ನು ಉಪಗ್ರಹದಿಂದ ಅಳೆದು, ಗಾಳಿ ಅಷ್ಟೇ ತಣ್ಣಗಿರುವ ಮಟ್ಟ ಯಾವುದೆಂದು ಹುಡುಕುವುದು ಹಳೆಯ ಕ್ರಮ. ಆದರೆ ಮಳೆ ಮೋಡಗಳ ಪದರಕ್ಕಿಂತ ಮೇಲಿನ ವಾಯುಪದರವಾದ ಸ್ಟ್ರಾಟೋಸ್ಫಿಯರಿನಲ್ಲಿ ಮೇಲೆ ಹೋದಂತೆ ಉಷ್ಣತೆ ಮತ್ತೆ ಏರುವುದರಿಂದ ಒಂದೇ ಉಷ್ಣತೆಗೆ ಎರಡು ಎತ್ತರಗಳು ಹೊಂದುತ್ತವೆ. 2022ರ ಜನವರಿ 15ರಂದು ಟೊಂಗಾದ ಹುಂಗಾ ಜ್ವಾಲಾಮುಖಿ ಸ್ಫೋಟಿಸಿದಾಗ ಈ ಕ್ರಮ ಸಾಲದೆ, ಭೂಮಿಯಿಂದ ನೋಡಿದರೆ ಒಂದೇ ಜಾಗದಲ್ಲಿ ನಿಂತಂತಿರುವ ಮೂರು ಭೂಸ್ಥಿರ ಉಪಗ್ರಹಗಳು ಬೇರೆ ಬೇರೆ ಕೋನಗಳಿಂದ ತೆಗೆದ ಚಿತ್ರಗಳನ್ನು ಹೋಲಿಸಿ 57 ಕಿ.ಮೀ. ಎಂಬ ಉತ್ತರ ಪಡೆಯಬೇಕಾಯಿತು. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡಿದಾಗ ಬೆರಳು ಜಾಗ ಬದಲಿಸಿದಂತೆ ಕಾಣುವುದಲ್ಲ, ಅದೇ ತತ್ವ.

ಬೂದಿಯನ್ನು ಸಾಮಾನ್ಯ ಮೋಡದಿಂದ ಬೇರ್ಪಡಿಸಲು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ 11 ಮತ್ತು 12 ಮೈಕ್ರೋಮೀಟರ್ ತರಂಗಗಳಲ್ಲಿ ಮೋಡ ತೋರುವ ಉಷ್ಣತೆಯ ವ್ಯತ್ಯಾಸವನ್ನು ನೋಡುತ್ತಾರೆ. ಬೂದಿಯ ಕಣಗಳಿಗೆ ಮಂಜುಗಡ್ಡೆ ಮೆತ್ತಿಕೊಂಡರೆ ಆ ಗುರುತೂ ಮಸುಕಾಗುತ್ತದೆ. ವಿಮಾನದ ರಡಾರ್ ಇರುವುದು ನೀರ ಹನಿಗಳಿಗಾಗಿ. 1982ರ ಜೂನ್ 24ರ ರಾತ್ರಿ ಇಂಡೊನೇಷ್ಯಾದ ಗಲುಂಗುಂಗ್ ಉಗುಳಿದ ಒಣ ಬೂದಿ ಅದಕ್ಕೆ ಕಾಣಲಿಲ್ಲ. ಬ್ರಿಟಿಷ್ ಏರ್‌ವೇಸ್ ವಿಮಾನದ ನಾಲ್ಕೂ ಎಂಜಿನ್‌ಗಳು ನಿಂತವು. ಕೆಳಗಿಳಿದ ಮೇಲೆ ಅವು ಮತ್ತೆ ಹೊತ್ತಿಕೊಂಡದ್ದರಿಂದ ಎಲ್ಲರೂ ಬದುಕಿದರು.

2010ರ ಏಪ್ರಿಲ್‌ನಲ್ಲಿ ಐಸ್‌ಲೆಂಡಿನ ಎಯ್ಯಾಫ್ಯಾತ್ಲಯೋಕುಲ್ ಬೂದಿಯಿಂದಾಗಿ ಸುಮಾರು ಒಂದು ಲಕ್ಷ ವಿಮಾನಯಾನಗಳು ರದ್ದಾದಾಗ ಅದನ್ನು ಅತಿರೇಕವೆಂದವರು ಈ ರಾತ್ರಿಯನ್ನು ಮರೆತಿದ್ದರು. ಎಂಜಿನ್ ಎಷ್ಟು ಬೂದಿ ತಡೆದೀತೆಂಬ ಒಪ್ಪಿತ ಮಿತಿಯೇ ಆಗ ಇರಲಿಲ್ಲ. ಘನ ಮೀಟರಿಗೆ 2 ಮತ್ತು 4 ಮಿಲಿಗ್ರಾಂ ಎಂಬ ಮಿತಿಗಳು ಯೂರೋಪಿನಲ್ಲಿ ಬಂದದ್ದು ಆ ಬಳಿಕ. ಮುನ್ಸೂಚನೆಯ ಬಗ್ಗೆ ನನ್ನ ತಕರಾರು ಬೇರೆಯೇ ಇದೆ. ಸುದ್ದಿಯಲ್ಲಿ ತೋರಿಸುವ ನಕ್ಷೆಯಲ್ಲಿ ಬೂದಿಯ ಅಂಚಿಗೆ ಒಂದೇ ಗಟ್ಟಿ ಗೆರೆ ಎಳೆದಿರುತ್ತಾರೆ. ಕಂಬದ ಎತ್ತರವನ್ನು ಎಷ್ಟೆಂದು ಹಿಡಿದಿದ್ದಾರೆ, ಅದನ್ನು ಯಾವ ಗಂಟೆಗೆ ಅಳೆದರು, ಎಷ್ಟು ಕಿ.ಮೀ. ಹೆಚ್ಚುಕಡಿಮೆ ಆಗಬಹುದು ಎಂಬ ಮೂರು ಸಂಗತಿಗಳನ್ನು ಆ ಗೆರೆಯ ಪಕ್ಕದಲ್ಲೇ ಬರೆಯಬೇಕು.