ನಡುನೀರಲ್ಲಿ ಕೈಬಿಡದವರು ಬೇಕಾಗಿದ್ದಾರೆ

ರಜೆಗೆ ಮನೆಮಂದಿಯೆಲ್ಲ ಸ್ಕೂಬಾ ಡೈವಿಂಗಿಗೆ ಹೋಗುವುದೆಂದು ತೀರ್ಮಾನವಾದ ರಾತ್ರಿಯೇ ನಾನು ಎಕ್ಸೆಲ್ ಹಾಳೆ ತೆರೆದು ಕೂತೆ. ಮೂರು ವಾರದಲ್ಲಿ ಅದರಲ್ಲಿ ಹದಿನಾಲ್ಕು ಕಾಲಂ ಆದವು. ದೋಣಿಯಲ್ಲಿ ವೈಫೈ ಇದೆಯೇ, ನೀರೊಳಗಿನ ಫೋಟೊ ಉಚಿತವೇ, ಡ್ರೋನ್ ವಿಡಿಯೊ ಕೊಡುತ್ತಾರೆಯೇ, ವೆಟ್‌ಸೂಟಿನ ಬಣ್ಣ ಯಾವುದು, ಮಂಟಾ ರೇ ಎಂಬ ದೈತ್ಯ ಮೀನು ಕಾಣುವುದು ಗ್ಯಾರಂಟಿಯೇ, ಒಟ್ಟು ಎಷ್ಟು ಸ್ಟಾರ್. ಹೆಂಡತಿ ಹಿಂದಿನಿಂದ ಇಣುಕಿ, "ರೀ, ಇಳಿದವರೆಲ್ಲ ವಾಪಸ್ ಹತ್ತಿದ್ರಾ ಅಂತ ನೋಡೋರು ಯಾರು? ಅದಕ್ಕೊಂದು ಕಾಲಂ ಇಲ್ವಲ್ಲ" ಎಂದಳು. ಒಳ್ಳೆ ಕೆಲಸದ ಹೊತ್ತಿನಲ್ಲಿ ಅಪಶಕುನ ನುಡಿಯಬೇಡ ಎಂದು ಗದರಿದೆ.

ಸ್ಟಾರ್ ನೋಡಿ ಡೈವಿಂಗ್ ಕಂಪನಿ ಆರಿಸುವುದು ಬಹಳ ವೈಜ್ಞಾನಿಕ ವಿಧಾನ. ಆಮೆ ಬರಲಿಲ್ಲ, ಒಂದು ಸ್ಟಾರ್. ಸೆಳೆತ ಜೋರಿದೆ ಅಂತ ಡೈವ್ ರದ್ದು ಮಾಡಿದರು, ದುರಹಂಕಾರಿಗಳು, ಒಂದು ಸ್ಟಾರ್. ಲೈಸೆನ್ಸ್ ಕೇಳಲೇ ಇಲ್ಲ, ಕಾಗದ ಓದಲೇ ಇಲ್ಲ, ಹತ್ತೇ ನಿಮಿಷದಲ್ಲಿ ನೀರಿಗಿಳಿಸಿದರು, ಎಂಥಾ ಸೇವೆ! ಐದು ಸ್ಟಾರ್. ಹೀಗೆ ಜನರು ಕೊಟ್ಟ ನಕ್ಷತ್ರಗಳನ್ನೇ ನಂಬಿ ನಾವು ಮಕ್ಕಳ ಬೆನ್ನಿಗೆ ಸಿಲಿಂಡರ್ ಕಟ್ಟುತ್ತೇವೆ.

ತಾಣ ಆರಿಸುವುದು ಇನ್ನೂ ಸುಲಭ. ಹೆಸರು ಕೇಳಿದರೆ ಎದೆ ಝಲ್ಲೆನ್ನಬೇಕು, ಅಷ್ಟೆ. ನನ್ನ ಪಟ್ಟಿಯ ತಲೆಯಲ್ಲಿದ್ದುದು ಮಧ್ಯ ಅಮೆರಿಕದ ಬೆಲೀಜ್ ದೇಶದ ಗ್ರೇಟ್ ಬ್ಲೂ ಹೋಲ್. 1971ರಲ್ಲಿ ಫ್ರಾನ್ಸಿನ ಸಮುದ್ರ ಸಂಶೋಧಕ ಝಾಕ್ ಕೂಸ್ಟೊ ತನ್ನ ಕ್ಯಾಲಿಪ್ಸೊ ಹಡಗನ್ನು ಅಲ್ಲಿಗೊಯ್ದ ಮೇಲೆ ಲೋಕಪ್ರಸಿದ್ಧವಾದ ಗುಂಡಿ ಅದು. ಫೋಟೊದಲ್ಲಿ ಸಮುದ್ರಕ್ಕೇ ಕಣ್ಣು ಮೂಡಿದ ಹಾಗೆ ಕಾಣುತ್ತದೆ. ಆ ಫೋಟೊ ತೆಗೆದದ್ದು ಆಕಾಶದಿಂದ, ನೀರಿಗಿಳಿದವನಿಗೆ ಆ ದುಂಡಗಿನ ಕಣ್ಣು ಕಾಣುವುದೇ ಇಲ್ಲ ಎಂಬುದು ಹೊಳೆಯಲು ನನಗೆ ಎರಡು ದಿನ ಬೇಕಾಯಿತು. ಒಳಗೆ ನೋಡಬೇಕಾದ ಸುಣ್ಣದ ಕಂಬಗಳು ಜೋತುಬಿದ್ದಿರುವುದು 40 ಮೀಟರ್ ಆಳದ ಆಸುಪಾಸಿನಲ್ಲಿ. ಓಪನ್ ವಾಟರ್ ಎಂಬ ಮೊದಲ ಹಂತದ ಕೋರ್ಸ್ ಮುಗಿಸಿದವರಿಗೆ ಮಿತಿ 18 ಮೀಟರ್. ಕೋರ್ಸೇ ಇಲ್ಲದೆ ಬೋಧಕರ ಕೈಹಿಡಿದು ಒಮ್ಮೆ ನೋಡಿಬರುವ ನಮ್ಮಂಥವರಿಗೆ 12. ಅಂದರೆ ಅಷ್ಟು ದೂರ ಹೋಗಿ, ನೋಡಬೇಕಾದ್ದಕ್ಕಿಂತ ಹತ್ತಿರಹತ್ತಿರ ಮೂವತ್ತು ಮೀಟರ್ ಮೇಲೆ ತೇಲುತ್ತ, ಕೆಳಗಿನ ಕತ್ತಲೆಗೆ ನಮಸ್ಕಾರ ಹಾಕಿ ಬರುವುದು.

ಎರಡನೆಯದು ಈಜಿಪ್ಟಿನ ದಹಾಬ್‌ನಲ್ಲಿರುವ ಇನ್ನೊಂದು ಬ್ಲೂ ಹೋಲ್. ಅಲ್ಲಿ ದಡದ ಬಂಡೆಗೆ ಕಲ್ಲುಫಲಕಗಳನ್ನು ಕೂರಿಸಿರುವುದು ಚಿತ್ರದಲ್ಲಿ ಕಂಡು, ದಾನಿಗಳ ಹೆಸರಿರಬೇಕು ಎಂದುಕೊಂಡೆ. ಅವು ಅಲ್ಲೇ ಮುಳುಗಿ ತೀರಿಕೊಂಡ ಡೈವರ್‌ಗಳ ಹೆಸರು. ಪಟ್ಟಿಯಿಂದ ಹೊಡೆದುಹಾಕಿದೆ, ಆದರೆ ಮನಸ್ಸಿಲ್ಲದ ಮನಸ್ಸಿನಿಂದ.

ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪದಲ್ಲಿ ರಸ್ತೆ ಬದಿಯ ಹಳದಿ ಕಲ್ಲುಗಳ ಮೇಲೆ ಡೈವ್ ತಾಣಗಳ ಹೆಸರು ಬರೆದಿರುತ್ತಾರಂತೆ, ದಡದಿಂದಲೇ ನಡೆದು ನೀರಿಗಿಳಿಯಬಹುದಂತೆ. ಅದನ್ನು ಮಾತ್ರ ನಾನು ತಕ್ಷಣ ತಿರಸ್ಕರಿಸಿದೆ. ನಡೆದು ಇಳಿದರೆ ದೋಣಿಯಿಂದ ಹಿಂದಕ್ಕೆ ಬೀಳುವ ಆ ವಿಡಿಯೊ ಎಲ್ಲಿಂದ ಬರಬೇಕು?

ಇನ್ನು ಫೋನಿನ ಸರದಿ. ಒಬ್ಬರಿಗೆ ಕರೆ ಮಾಡಿ, ನನ್ನ ಮಗನಿಗೆ ಎಂಟು, ಮಗಳಿಗೆ ಹನ್ನೊಂದು ಎಂದೆ. "ನೋ ಪ್ರಾಬ್ಲಮ್ ಸಾರ್." ನಮ್ಮಲ್ಲಿ ಯಾರಿಗೂ ಅಷ್ಟಾಗಿ ಈಜು ಬಾರದು. "ನೋ ಪ್ರಾಬ್ಲಮ್ ಸಾರ್." ಬೆಳಿಗ್ಗೆ ಡೈವ್, ಮಧ್ಯಾಹ್ನ ವಿಮಾನ. "ಟ್ಯಾಕ್ಸಿ ನಾವೇ ಹೇಳ್ತೀವಿ ಸಾರ್." ಎಷ್ಟು ಆತ್ಮೀಯವಾದ ಮನುಷ್ಯ! ಒಂದು ಡೈವ್ ಆದ ಮೇಲೆ ಕನಿಷ್ಠ 12 ಗಂಟೆ, ಸಾಲಾಗಿ ಮಾಡಿದ್ದರೆ 18 ಗಂಟೆ ವಿಮಾನ ಹತ್ತಬಾರದು, ರಕ್ತದಲ್ಲಿ ಕರಗಿ ಕೂತ ನೈಟ್ರೊಜನ್ ಗುಳ್ಳೆಯೇಳುತ್ತದೆ ಎಂಬಂಥ ಒಣ ಮಾತಾಡಿ ಅವನು ನಮ್ಮ ಉತ್ಸಾಹಕ್ಕೆ ತಣ್ಣೀರೆರಚಲಿಲ್ಲ.

"ಬೋಟಲ್ಲಿ ಆಕ್ಸಿಜನ್ ಇದೆಯಾ ಕೇಳಿ" ಎಂದಳು ಹೆಂಡತಿ. ನನಗೆ ನಗು ಬಂತು. ಬೆನ್ನ ಮೇಲೆ ಹೊತ್ತುಕೊಳ್ಳುವುದು ಮತ್ತೇನು? ಅದರಲ್ಲಿರುವುದು ಒತ್ತಿ ತುಂಬಿದ ಬರೀ ಗಾಳಿ, ಈಗ ನೀವು ಉಸಿರಾಡುತ್ತಿರುವಂಥದ್ದೇ, ನೂರಕ್ಕೆ 21 ಪಾಲು ಮಾತ್ರ ಆಕ್ಸಿಜನ್ ಎಂದು ಅವಳು ಓದಿಟ್ಟುಕೊಂಡಿದ್ದಳು. ನಿಜವಾದ ಆಕ್ಸಿಜನ್ ಇರಬೇಕಾದ್ದು ದೋಣಿಯಲ್ಲಿ, ಗುಳ್ಳೆಯೆದ್ದು ಬಿದ್ದವನಿಗೆ ಆಸ್ಪತ್ರೆ ಮುಟ್ಟುವವರೆಗೆ ಕೊಡಲು. ಬೆನ್ನಲ್ಲಿ ಇಲ್ಲದ ಆಕ್ಸಿಜನ್ ಇದೆಯೆಂದು ನಾವೆಲ್ಲ ನಂಬಿರುತ್ತೇವೆ, ದೋಣಿಯಲ್ಲಿ ಇರಬೇಕಾದದ್ದು ಇದೆಯೇ ಎಂದು ಯಾರೂ ಕೇಳುವುದಿಲ್ಲ. ಹೇಗೂ ಇರಲಿ ಎಂದು ಕೇಳಿದೆ. ಅತ್ತಲಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಓಪನ್ ಬೋಟ್ ಸಾರ್, ಒಳ್ಳೆ ಗಾಳಿ ಬರುತ್ತೆ."

ಆರೋಗ್ಯದ ಅರ್ಜಿಯದ್ದು ಬೇರೆಯದೇ ಕಥೆ. ಅದರಲ್ಲಿ 'ಹೌದು' ಎಂದು ಒಂದು ಗುರುತು ಬಿದ್ದರೆ ವೈದ್ಯರ ಸಹಿ ತರಬೇಕಾಗಬಹುದು. ಆದ್ದರಿಂದ ಭೂಮಿಯ ಮೇಲೆ ಡೈವಿಂಗ್ ಅರ್ಜಿ ತುಂಬುವವರಷ್ಟು ಗಟ್ಟಿಮುಟ್ಟಾದ ಜನ ಇನ್ನಿಲ್ಲ. ಜೇಬಿನಲ್ಲಿ ಇನ್‌ಹೇಲರ್ ಇಟ್ಟುಕೊಂಡೇ ನನ್ನ ಭಾವಮೈದ ಅಸ್ತಮಾದ ಮುಂದೆ 'ಇಲ್ಲ' ಎಂದು ಬರೆದ. ಮನೆಯ ಮೆಟ್ಟಿಲು ಹತ್ತುವಾಗ ಅವನು ಪ್ರತಿ ಮಹಡಿಯಲ್ಲೂ ನಿಂತು ನೋಟ ಸವಿಯುತ್ತಾನೆ. ಡೈವಿಂಗಿನ ಮೊದಲ ಪಾಠವೇ ಉಸಿರು ಬಿಗಿಹಿಡಿಯಬಾರದು ಎಂಬುದು; ಹಿಡಿದರೆ ಮೇಲೇರುವಾಗ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. ಅವನು ಉಸಿರು ಬಿಗಿಹಿಡಿದು ಕಾಯುತ್ತಿದ್ದುದು ಮಂಟಾ ರೇಗಾಗಿ.

ಹೆಂಡತಿಯ ಆ ಮೊದಲ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಡೈವಿಂಗ್ ದೋಣಿಯೊಂದು ಗಂಡಹೆಂಡತಿಯನ್ನು ನೀರಿನಲ್ಲೇ ಬಿಟ್ಟು ದಡಕ್ಕೆ ಮರಳಿತು. ತಲೆಯೆಣಿಕೆ ತಪ್ಪಿತ್ತು. ಇಬ್ಬರು ಇಲ್ಲವೆಂದು ಗೊತ್ತಾದದ್ದು ಎರಡು ದಿನದ ಮೇಲೆ, ದೋಣಿಯಲ್ಲಿ ಉಳಿದಿದ್ದ ಅವರ ಚೀಲ ಕಂಡಾಗ. ಅವರು ಸಿಗಲೇ ಇಲ್ಲ. ನಡುನೀರಲ್ಲಿ ಕೈಬಿಡುವುದು ಎಂಬ ಮಾತನ್ನು ಅಲ್ಲಿಯವರೆಗೆ ನಾನು ಗಾದೆಯಂತೆ ಮಾತ್ರ ಬಳಸಿದ್ದೆ. ಹದಿನೈದನೆಯ ಕಾಲಂ ಹಾಕಿದೆ.

ಹಾಕಿದ ಮೇಲೆ ತುಂಬುವವರು ಸಿಗಲಿಲ್ಲ. ಕೊನೆಗೆ ಹೆಂಡತಿಯೇ ಒಬ್ಬರನ್ನು ಹುಡುಕಿದಳು. ನನ್ನ ಲೆಕ್ಕದಲ್ಲಿ ಅವರದು ಕೊನೆಯ ಸ್ಥಾನ. ಆ ಬೋಧಕಿ ದುಡ್ಡಿನ ಮಾತಿಗೆ ಮೊದಲು ನಮ್ಮನ್ನೇ ಅರ್ಧ ಗಂಟೆ ವಿಚಾರಿಸಿಕೊಂಡರು. ಎಂಟರ ಮಗನಿಗೆ ಈಜುಕೊಳದಲ್ಲಿ ಎರಡು ಮೀಟರ್, ಅದಕ್ಕಿಂತ ಒಂದು ಗೇಣೂ ಹೆಚ್ಚಿಲ್ಲ. ಮಗಳಿಗೆ ಮರಳು ತಳದ ತಗ್ಗು ನೀರು, ಅದೂ ತಾವೇ ಪಕ್ಕದಲ್ಲಿದ್ದುಕೊಂಡು. ಭಾವಮೈದನಿಗೆ ವೈದ್ಯರ ಚೀಟಿ ಬರುವವರೆಗೆ ದಡ. ಕೊನೆಯ ದಿನ ಯಾರಿಗೂ ನೀರಿಲ್ಲ. ತಾಣದ ಹೆಸರು ಹೌಸ್ ರೀಫ್, ಮನೆ ಹಿತ್ತಲು ಅಂದ ಹಾಗೆ. ಇದನ್ನು ಯಾರಿಗೆ ಹೇಳಿಕೊಳ್ಳುವುದು?

ದೋಣಿ ಹೊರಡುವ ಮೊದಲು ಅವರು ಹಲಗೆ ಹಿಡಿದು ಒಬ್ಬೊಬ್ಬರ ಹೆಸರು ಕೂಗಿದರು. ನೀರಿನಿಂದ ಹತ್ತಿದ ಮೇಲೆ ಇನ್ನೊಮ್ಮೆ. ನಾನು ಕ್ಯಾಮೆರಾದಲ್ಲಿ ಮುಳುಗಿದ್ದವನು ತಲೆಯಾಡಿಸಿದೆ. ಅದು ನಡೆಯುವುದಿಲ್ಲ, ಬಾಯಿಬಿಟ್ಟು ಹೇಳಬೇಕು ಎಂದು ಮೂರನೆಯ ಸಲ ಕೂಗಿದರು. ಹೆಂಡತಿ ಮೊಣಕೈಯಿಂದ ತಿವಿದಳು. "ಇದ್ದೀನಿ" ಎಂದೆ.

ಮನೆಗೆ ಬಂದು ವಿಮರ್ಶೆ ಬರೆದೆ: "ಶಾಲೆಯ ಹಾಜರಿಯಂತೆ ಹೆಸರು ಕೂಗುತ್ತಾರೆ. ವೈಫೈ ಇಲ್ಲ. ಮಂಟಾ ಬರಲಿಲ್ಲ. ಎರಡು ಸ್ಟಾರ್."