ಹಳೇದು ಹಾಕಿ ಗುರು ಅನ್ನೋರಿಗೆ

ನಿನ್ನೆ ಸಂಜೆ ಇಂದಿರಾನಗರದ ಒಂದು ಕೆಫೆಯಲ್ಲಿ ಕೂತು ರೆಕಾರ್ಡ್ ಕೇಳುವ ಕಾರ್ಯಕ್ರಮ. ಹಾಕಿದ್ದು ಬ್ಲ್ಯಾಕ್ ಕಂಟ್ರಿ, ನ್ಯೂ ರೋಡ್ ಬ್ಯಾಂಡ್‌ನ ‘ಫಾರ್‌ಎವರ್ ಹೌಲಾಂಗ್’. ಮೂರನೇ ಹಾಡು ಅರ್ಧ ಆಗಿರಲಿಲ್ಲ, ಹಿಂದಿನಿಂದ ಒಂದು ದನಿ: “ಇದು ಬೇಡ, ಹಳೇದು ಹಾಕಿ ಗುರು. ಐಸಾಕ್ ಇಲ್ದೆ ಎಲ್ಲಾ ಸಪ್ಪೆ.” ಐಸಾಕ್ ಅಂದರೆ ಬ್ಯಾಂಡ್ ಬಿಟ್ಟುಹೋದ ಹಳೇ ಹಾಡುಗಾರ. ನಾಲ್ಕು ತಲೆ ಹೌದು ಹೌದು ಅಂತ ಆಡಿದವು. ರೆಕಾರ್ಡ್ ಬದಲಾಯ್ತು. ಹನ್ನೊಂದು ಹಾಡಿನ ಆಲ್ಬಂಗೆ ನಮ್ಮೂರಿನ ರಸಿಕರು ಕೊಟ್ಟ ಅವಕಾಶ ಎರಡೂವರೆ ಹಾಡು.

ಸಪ್ಪೆಯಂತೆ. ಉಪ್ಪಿದೆಯೋ ಇಲ್ಲವೋ ಅಂತ ಹೇಳೋಕೆ ಮೊದಲು ತುತ್ತು ಬಾಯಿಗೆ ಇಡಬೇಕಲ್ಲ ಸ್ವಾಮಿ.

ಈ ಬ್ಯಾಂಡ್ ಬಗ್ಗೆ ನಾನು ಕೊರೆದದ್ದನ್ನ ಸಹಿಸಿಕೊಂಡವರಿಗೆ ಹಿನ್ನೆಲೆ ಗೊತ್ತು. ಉಳಿದವರಿಗೆ ಚುಟುಕಾಗಿ: ಇಂಗ್ಲೆಂಡಿನ ಏಳು ಜನರ ಗುಂಪು. ಗಿಟಾರ್, ಬಾಸ್, ಡ್ರಮ್ಸ್ ಜೊತೆಗೆ ಪಿಟೀಲು, ಸ್ಯಾಕ್ಸೊಫೋನ್, ಕೀಬೋರ್ಡ್. 2021ರ ಫೆಬ್ರವರಿಯಲ್ಲಿ ಮೊದಲ ಆಲ್ಬಂ. ಎರಡನೇದು ‘ಆಂಟ್ಸ್ ಫ್ರಮ್ ಅಪ್ ದೇರ್’, 2022ರ ಫೆಬ್ರವರಿ 4ಕ್ಕೆ. ಅದು ಬರೋಕೆ ನಾಲ್ಕು ದಿನ ಮೊದಲು, ಜನವರಿ 31ಕ್ಕೆ, ಹಾಡುಗಾರ ಮತ್ತು ಸಾಹಿತ್ಯ ಬರೆಯುತ್ತಿದ್ದ ಐಸಾಕ್ ವುಡ್ ಬ್ಯಾಂಡ್ ಬಿಟ್ಟರು. ಜಗಳವಲ್ಲ, ದುಡ್ಡಲ್ಲ. ದುಃಖ ಮತ್ತು ಭಯ ಎಷ್ಟಾಗಿದೆ ಅಂದರೆ ಗಿಟಾರ್ ನುಡಿಸುತ್ತಾ ಹಾಡೋದೇ ಕಷ್ಟ ಅಂತ ಅವರೇ ಬರೆದು ತಿಳಿಸಿದರು. ಅಮೆರಿಕಾ ಪ್ರವಾಸ ರದ್ದು. ಉಳಿದವರು ಆರು ಜನ, ಮುಂದೆ ಬೇಸಿಗೆಯ ಸಂಗೀತೋತ್ಸವಗಳ ಬುಕಿಂಗ್, ಕೈಯಲ್ಲಿ ಜನ ಕುಣಿಯೋ ಹಾಡಿನ ಎರಡು ಆಲ್ಬಂ.

ಆಗ ಅವರು ಮಾಡಿದ್ದನ್ನ ಹಿಂದಿನ ಸಾಲಿನ ಮಹಾಶಯರು ಗಮನಿಸಬೇಕು. ಆ ಎರಡು ಆಲ್ಬಂನ ಒಂದೇ ಒಂದು ಹಾಡನ್ನೂ ಇನ್ನು ಮುಂದೆ ನುಡಿಸಲ್ಲ ಅಂದರು. ಕೆಲವೇ ತಿಂಗಳಲ್ಲಿ ಪೂರ್ತಿ ಹೊಸ ಹಾಡುಗಳನ್ನ ಕಟ್ಟಿ ವೇದಿಕೆ ಹತ್ತಿದರು. ಆ ವರ್ಷ ಡಿಸೆಂಬರ್‌ನಲ್ಲಿ ಲಂಡನ್ನಿನ ಬುಷ್ ಹಾಲ್‌ನಲ್ಲಿ ನುಡಿಸಿದ್ದನ್ನೇ ರೆಕಾರ್ಡ್ ಮಾಡಿ 2023ರಲ್ಲಿ ಹೊರತಂದರು. ನಿನ್ನೆ ಹಾಕಿದ ಈ ಸ್ಟುಡಿಯೋ ಆಲ್ಬಂ ಬಂದದ್ದು 2025ರ ಏಪ್ರಿಲ್ 4ಕ್ಕೆ. ಮೂರು ವರ್ಷದ ಕೆಲಸ ಇದು. ನಿನ್ನೆ ಹತ್ತು ನಿಮಿಷದಲ್ಲಿ ತೀರ್ಪು ಬಂತು.

ಬೇರೆ ಬ್ಯಾಂಡ್‌ಗಳು ಇಂಥ ಹೊತ್ತಲ್ಲಿ ಏನು ಮಾಡಿದ್ದವು? ಜಾಯ್ ಡಿವಿಷನ್‌ನ ಹಾಡುಗಾರ ಇಯಾನ್ ಕರ್ಟಿಸ್ 1980ರ ಮೇ 18ಕ್ಕೆ ತೀರಿಕೊಂಡ ಮೇಲೆ ಉಳಿದವರು ಹೆಸರು ಬದಲಾಯಿಸಿ ನ್ಯೂ ಆರ್ಡರ್ ಆದರು. ಆದರೂ ಅವರ ಮೊದಲ ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್) ಜಾಯ್ ಡಿವಿಷನ್ ಕಾಲದ ಹಾಡೇ. ಸಾಹಿತ್ಯ ಬರೆದಿಟ್ಟ ಹಾಳೆ ಇಲ್ಲ, ಇದ್ದದ್ದು ಸ್ಪಷ್ಟವಿಲ್ಲದ ಒಂದು ಟೇಪು. ಅದನ್ನ ಈಕ್ವಲೈಜರ್ (ಸದ್ದಿನ ಒಂದೊಂದು ಪಟ್ಟಿಯನ್ನ ಬೇರೆಬೇರೆ ಏರಿಳಿಸೋ ಯಂತ್ರ) ಮೂಲಕ ಹಾಯಿಸಿ, ದನಿ ಇರೋ ಭಾಗವನ್ನಷ್ಟೇ ಎತ್ತಿ, ಆತ ಹಾಡಿದ ಪದ ಏನಿರಬಹುದು ಅಂತ ಊಹಿಸಿ ಬರೆದುಕೊಂಡರು. ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್‌ನ ಸಾಹಿತ್ಯ ಬರೆಯುತ್ತಿದ್ದ ರಿಚೀ ಎಡ್ವರ್ಡ್ಸ್ 1995ರ ಫೆಬ್ರವರಿಯಲ್ಲಿ ಕಾಣೆಯಾದರು. ಮುಂದಿನ ವರ್ಷದ ಆಲ್ಬಂನ 12 ಹಾಡಲ್ಲಿ 5ಕ್ಕೆ ಅವರು ಬಿಟ್ಟುಹೋದ ಸಾಹಿತ್ಯ ಇದೆ. ಅಂದರೆ ಒಬ್ಬರು ಹೆಸರು ಬಿಟ್ಟು ಹಾಡು ಇಟ್ಟುಕೊಂಡರು, ಇನ್ನೊಬ್ಬರು ಎರಡನ್ನೂ ಇಟ್ಟುಕೊಂಡರು. ನಮ್ಮವರು (ಹೌದು, ನಮ್ಮವರು) ಹೆಸರು ಇಟ್ಟುಕೊಂಡು ಹಾಡು ಬಿಟ್ಟರು. ಮೂರರಲ್ಲಿ ಕಷ್ಟದ ದಾರಿ ಇದೇ. ಹೆಸರು ಕೇಳಿ ಬಂದವರೆಲ್ಲ ಹಳೇ ಹಾಡನ್ನೇ ಕೇಳ್ತಾರೆ, ನಿಮ್ಮ ಕೈಯಲ್ಲಿ ಅದಿಲ್ಲ.

“ಹಳೇ ಹಾಡನ್ನ ಇನ್ನೊಬ್ಬರ ಕೈಲಿ ಹಾಡಿಸಬಹುದಿತ್ತಲ್ಲ?” ಅಂತ ನಿನ್ನೆಯೇ ಇನ್ನೊಂದು ಪ್ರಶ್ನೆ. ಆರ್ಕೆಸ್ಟ್ರಾದಲ್ಲಿ ಹಾಡಿಸಲ್ವಾ ಅನ್ನೋ ಧಾಟಿಯಲ್ಲಿ. ಸರಿ, ಹಾಡಿಸಿ ನೋಡೋಣ. ಐಸಾಕ್‌ದು ಮಂದ್ರದ ಗಂಡು ದನಿ, ಅರ್ಧ ಮಾತು ಅರ್ಧ ಹಾಡು. ಈಗ ಹಾಡುವವರು ಟೈಲರ್ ಹೈಡ್, ಮೇ ಕರ್ಶಾ, ಜಾರ್ಜಿಯಾ ಎಲ್ಲರಿ. ಮೂವರೂ ಹೆಣ್ಣುಮಕ್ಕಳು. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಹಾರ್ಮೋನಿಯಂನ ಬಿಳಿ ಒಂದನೇ ಮನೆಯ ಶ್ರುತಿಯ ಹಾಡನ್ನ ಬಿಳಿ ಐದಕ್ಕೆ ಒಯ್ಯಬೇಕು. ತಂಬೂರಿ ಶ್ರುತಿ ಬದಲಾಯಿಸಿದ ಹಾಗೆ ಅಂದುಕೊಂಡಿದ್ದೀರಾ? ಮೇಲಕ್ಕೆ ಒಯ್ದರೆ ಏಳು ಸ್ವರಸ್ಥಾನ. ಗಿಟಾರಿಗೆ ಏಳನೇ ಫ್ರೆಟ್‌ನಲ್ಲಿ ಕೇಪೋ (ತಂತಿಗಳನ್ನೆಲ್ಲ ಒತ್ತಿಹಿಡಿಯೋ ಕ್ಲಿಪ್ಪು) ಬಿಗಿದರೆ ಕೆಳಗಿನ ಗುಂಗೆಲ್ಲ ಹೋಗಿ ಅದು ಮ್ಯಾಂಡೊಲಿನ್ ತರಹ ಕೀಚಲಾಗುತ್ತೆ. ಕೆಳಕ್ಕೆ ಒಯ್ದರೆ ಐದು ಸ್ವರಸ್ಥಾನ. ಆಗ ಬಾಸ್ ಗಿಟಾರಿನ ಕೊನೆಯ ತಂತಿ ಸಾಲಲ್ಲ. ನಾಲ್ಕು ತಂತಿಯ ಬಾಸ್ ಕೆಳಗೆ ಮುಟ್ಟೋದು ಸುಮಾರು 41 ಹರ್ಟ್ಜ್ (ಅಂದರೆ ಸೆಕೆಂಡಿಗೆ 41 ಕಂಪನ), ಇಲ್ಲಿ ಬೇಕಾಗೋದು 31, ಅಂದರೆ ಐದು ತಂತಿಯ ಬಾಸ್. ಹೀಗೆ ಇಳಿಸಿದಾಗ ಪಿಟೀಲಿನಲ್ಲಿ ಮೊದಲು ಖಾಲಿ ತಂತಿಯ ಮೇಲೆ ಮೊಳಗುತ್ತಿದ್ದ ಸ್ವರ ಈಗ ಬೆರಳಿನಡಿಗೆ ಹೋಗಿ ಮಂಕಾಗುತ್ತೆ. ಹಾಡು ಅದೇ ಇರುತ್ತೆ, ಆದರೆ ನೀವು ಪ್ರೀತಿಸಿದ ಸದ್ದು ಇರಲ್ಲ. ಆಗಲೂ ಹಿಂದಿನ ಸಾಲಿಂದ ಬರೋದು ಅದೇ ಮಾತು: ಸಪ್ಪೆ.

ನಿಜವಾದ ವಿಷಯ ಈಗ. ‘ಬ್ಯಾಂಡ್ ಮೆತ್ತಗಾಯ್ತು, ಧೈರ್ಯ ಹೋಯ್ತು’ ಅನ್ನೋದೇ ನನ್ನ ಪಿತ್ತ ಕೆರಳಿಸೋ ಮಾತು. ಮೆತ್ತಗಾಗಿದ್ದು ಧೈರ್ಯ ಹೋಗಿ ಅಲ್ಲ, ಜಾಗ ಬದಲಾಗಿ. ಮಾತಿನ ಧಾಟಿಯಲ್ಲಿ ಹಾಡೋ ಗಂಡು ದನಿಯ ಮೂಲ ಕಂಪನ ಬಹುಮಟ್ಟಿಗೆ 100ರಿಂದ 200 ಹರ್ಟ್ಜ್ ನಡುವೆ ಓಡಾಡುತ್ತೆ. ಅದರ ಮೇಲೆ ಬೇರೆ ವಾದ್ಯಗಳಿಗೆ ಜಾಗ ಜಾಸ್ತಿ. ಅಲ್ಲಿ ಸ್ಯಾಕ್ಸೊಫೋನ್ ಅರಚಬಹುದು, ಪಿಟೀಲು ಹರಿಯಬಹುದು, ಎರಡು ಗಿಟಾರ್ ಗುದ್ದಾಡಬಹುದು, ದನಿ ಕೆಳಗಡೆ ಸುರಕ್ಷಿತವಾಗಿ ಕೂತಿರುತ್ತೆ. ಎರಡನೇ ಆಲ್ಬಂನ ಕೊನೆಯ ಹಾಡು 12 ನಿಮಿಷಕ್ಕೂ ಹೆಚ್ಚು ಹೊತ್ತು ಏರುತ್ತಾ ಏರುತ್ತಾ ಹೋದರೂ ಪದ ಮುಳುಗದೆ ಇರೋದಕ್ಕೆ ಇದೂ ಒಂದು ಕಾರಣ. ಹೆಣ್ಣು ದನಿ ಹಾಡುವಾಗ ಇರೋದು ಸುಮಾರು 200ರಿಂದ 500ರಲ್ಲಿ. ಪಿಟೀಲಿನ ಕೆಳಗಿನ ತಂತಿ 196ರಲ್ಲಿ ಶುರು, ಸ್ಯಾಕ್ಸೊಫೋನು, ಪಿಯಾನೋದ ಬಲಗೈ ಎಲ್ಲ ಅದೇ ಕೋಣೆಯಲ್ಲಿ. ಎಲ್ಲರೂ ಹಳೇ ಹುರುಪಲ್ಲೇ ನುಡಿಸಿದರೆ ಬೆಳಗ್ಗೆ ಒಂಬತ್ತರ ಸಿಲ್ಕ್ ಬೋರ್ಡ್ ಜಂಕ್ಷನ್. ಮಿಕ್ಸಿಂಗ್ ಮೇಜಿನಲ್ಲಿ ದನಿಯ ಫೇಡರ್ (ಸದ್ದು ಏರಿಳಿಸೋ ಗುಂಡಿ) ಎಷ್ಟು ಎತ್ತಿದರೂ ಪದ ಕೇಳಲ್ಲ. ಗದ್ದಲ ಮಾತ್ರ ಹೆಚ್ಚುತ್ತೆ.

ಇದಕ್ಕೆ ಪರಿಹಾರ ಸ್ಟುಡಿಯೋದಲ್ಲಿಲ್ಲ, ಹಾಡು ಕಟ್ಟುವಾಗಲೇ ಮಾಡಬೇಕು. ಯಾರು ಯಾವ ಸಾಲಲ್ಲಿ ಸುಮ್ಮನಿರಬೇಕು ಅಂತ ಮೊದಲೇ ನಿಶ್ಚಯವಾಗಬೇಕು. ‘ಫಾರ್‌ಎವರ್ ಹೌಲಾಂಗ್’ ಕೇಳಿದರೆ ನನಗೆ ಕಾಣೋದು ಇದೇ ನಿಶ್ಚಯ. ಮೊದಲ ಹಾಡು ‘ಬೆಸ್ಟೀಸ್’ ಹಾರ್ಪ್ಸಿಕಾರ್ಡ್‌ನಿಂದ ಶುರು. ಆ ವಾದ್ಯದಲ್ಲಿ ಕೀಲಿ ಒತ್ತಿದರೆ ತಂತಿ ಮೀಟುತ್ತೆ, ಸ್ವರ ಟಣ್ ಅಂದು ಬೇಗ ಆರುತ್ತೆ, ದನಿಗೆ ದಾರಿ ಬಿಡುತ್ತೆ. ಅಕಾರ್ಡಿಯನ್, ಮ್ಯಾಂಡೊಲಿನ್, ಸ್ಯಾಕ್ಸ್ ಇದ್ದ ಕಡೆ ಕೊಳಲು. ಇದೆಲ್ಲ ಶೋಕಿಗೆ ತಂದದ್ದಲ್ಲ ಅಂತ ನನ್ನ ಅಂದಾಜು. ‘ಟು ಹಾರ್ಸಸ್’ ಮೆಲ್ಲಗೆ ನಡೆಯುತ್ತಾ ಬಂದು ಅರ್ಧದಾಚೆ ಇದ್ದಕ್ಕಿದ್ದಂತೆ ಕುದುರೆ ಓಟಕ್ಕೆ ಬೀಳುತ್ತೆ. ಸಪ್ಪೆ ಅಂದವರು ಅಲ್ಲಿಯವರೆಗೆ ಕೂತಿರಲೇ ಇಲ್ಲ, ಅದು ಐದನೇ ಹಾಡು.

ಇನ್ನು ಆಲ್ಬಂಗೆ ಹೆಸರು ಕೊಟ್ಟ ಹಾಡು. ಹತ್ತನೇದು. ಮೇ ಕರ್ಶಾ ಹಾಡ್ತಾರೆ, ಸುತ್ತ ಬ್ಯಾಂಡಿನವರೇ ರೆಕಾರ್ಡರ್ ಊದ್ತಾರೆ. ರೆಕಾರ್ಡರ್ ಅಂದರೆ ಕಾನ್ವೆಂಟ್ ಮಕ್ಕಳು ಊದೋ ಆ ಪೀಪಿಯೇ. ನಮ್ಮ ಬಿದಿರಿನ ಕೊಳಲಲ್ಲಿ ತುಟಿ ಸ್ವಲ್ಪ ಓರೆ ಮಾಡಿ ಸ್ವರ ಸರಿಮಾಡಿಕೊಳ್ಳಬಹುದು. ರೆಕಾರ್ಡರಿನ ಬಾಯಿ ಸೀಟಿಯ ಹಾಗೆ, ಗಾಳಿ ಹೋಗೋ ದಾರಿ ಕೊರೆದಿಟ್ಟದ್ದು, ತುಟಿಗೆ ಅಲ್ಲಿ ಕೆಲಸವಿಲ್ಲ. ಜೋರಾಗಿ ಊದಿದರೆ ಸ್ವರ ಏರುತ್ತೆ, ಮೆಲ್ಲಗೆ ಊದಿದರೆ ಇಳಿಯುತ್ತೆ. ಒಬ್ಬರು 440ರಲ್ಲಿ, ಪಕ್ಕದವರು 443ರಲ್ಲಿ ಇದ್ದರೆ ಸೆಕೆಂಡಿಗೆ ಮೂರು ಸಲ ಸದ್ದು ಅದುರುತ್ತೆ. ಹಲವರು ಒಟ್ಟಿಗೆ ಊದಿದಾಗ ಅಪಶ್ರುತಿಯಿಂದ ತಪ್ಪಿಸಿಕೊಳ್ಳೋಕೆ ಇರೋ ದಾರಿ ಒಬ್ಬರ ಉಸಿರನ್ನ ಇನ್ನೊಬ್ಬರು ಕೇಳಿಸಿಕೊಳ್ಳೋದು. ಮುಂದಾಳು ಹೋದ ಬ್ಯಾಂಡ್ ಇಂಥ ವಾದ್ಯ ಹಿಡಿದು ಕೂತದ್ದನ್ನ ಧೈರ್ಯ ಇಲ್ಲ ಅಂತೀರಾ? ಗಿಟಾರಿನ ಸದ್ದನ್ನ ಒರಟು ಮಾಡೋ ಡಿಸ್ಟಾರ್ಷನ್ ಪೆಡಲ್ ತುಳಿದು ತಪ್ಪು ಮುಚ್ಚಿಕೊಳ್ಳಬಹುದು, ರೆಕಾರ್ಡರಿನಲ್ಲಿ ಏನನ್ನೂ ಮುಚ್ಚೋಕಾಗಲ್ಲ.

ಒಪ್ಪಿಕೊಳ್ಳಬೇಕಾದ್ದು ಒಂದಿದೆ. ಐಸಾಕ್ ಸಾಹಿತ್ಯದಲ್ಲಿ ಒಂದು ಹಾಡಿನ ಮಾತು ಇನ್ನೊಂದರಲ್ಲಿ ಮತ್ತೆ ಬರುತ್ತಿತ್ತು. ಕಾಂಕಾರ್ಡ್ ವಿಮಾನ ಎರಡನೇ ಆಲ್ಬಂ ತುಂಬ ಹಾರಾಡುತ್ತೆ. ಇಡೀ ಆಲ್ಬಂ ಒಬ್ಬನೇ ಮನುಷ್ಯನ ತಲೆಯೊಳಗೆ ನಡೆಯುತ್ತೆ. ಹೊಸದರಲ್ಲಿ ಆ ಎಳೆ ಇಲ್ಲ. ಮೂವರು ಬರೆದಾಗ ಮೂರು ಲೋಕ. ಮೂರನೇ ಹಾಡು ‘ಸಾಕ್ಸ್’ ಅಲ್ಲಲ್ಲಿ ದಾರಿ ತಪ್ಪುತ್ತೆ ಅಂತ ನನಗೂ ಅನ್ನಿಸುತ್ತೆ. ನಿನ್ನೆ ರೆಕಾರ್ಡ್ ಎತ್ತಿದ್ದೂ ಅದೇ ಹಾಡಲ್ಲಿ, ಕರ್ಮ. ಸರಿ, ಒಪ್ಪಿದೆ. ಆದರೆ ಕನ್ನಡದವರು ಈ ದೂರು ಹೇಳೋದು ನನಗೆ ವಿಚಿತ್ರ. ಬರೆದವನೇ ಹಾಡಬೇಕು ಅನ್ನೋ ಹಟ ನಮ್ಮಲ್ಲಿ ಯಾವಾಗ ಬಂತು? ದಾಸರ ಪದದ ಕೊನೆಗೆ ಅಂಕಿತ ಇರುತ್ತೆ, ಹಾಡೋದು ಊರೆಲ್ಲ. ಶರೀಫರ ಪದಗಳನ್ನ ನಮ್ಮ ಕಿವಿಗೆ ಹೊಸದಾಗಿ ತುಂಬಿದ್ದು ಅಶ್ವತ್ಥ್. ನಾಡಗೀತೆ ಬರೆದವರು ಕುವೆಂಪು, ಧಾಟಿ ಅನಂತಸ್ವಾಮಿಯವರದೋ ಅಶ್ವತ್ಥ್ ಅವರದೋ ಅಂತ ವರ್ಷಗಟ್ಟಲೆ ಕಿತ್ತಾಡಿ, ಕೊನೆಗೆ 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಅಂತ ಗೊತ್ತುಮಾಡಬೇಕಾಯ್ತು. ಹಾಡು ಒಬ್ಬರ ಸೊತ್ತಲ್ಲ ಅಂತ ಇಷ್ಟು ಚೆನ್ನಾಗಿ ಗೊತ್ತಿರೋ ಜನ ಇಂದಿರಾನಗರಕ್ಕೆ ಬಂದ ಕೂಡಲೇ ಮರೆಯೋದು ಹೇಗೆ?

ಸಾಹಿತ್ಯ ಐಸಾಕ್‌ದು, ಆದರೆ ಸಂಗೀತ ಏಳೂ ಜನ ಕೂತು ಕಟ್ಟಿದ್ದು. ಅವರಲ್ಲಿ ಆರು ಜನ ಇಲ್ಲೇ ಇದ್ದಾರೆ. ನೀವು ‘ಹಳೇದು’ ಅಂತ ಹಂಬಲಿಸುವ ಪಿಟೀಲು ಜಾರ್ಜಿಯಾದು, ಸ್ಯಾಕ್ಸೊಫೋನ್ ಲೂಯಿಸ್ ಇವಾನ್ಸ್‌ದು, ಆ ಡ್ರಮ್ಸ್ ಚಾರ್ಲಿ ವೇಯ್ನ್‌ದು. ಎಲ್ಲ ಕೈಗಳೂ ಈ ಆಲ್ಬಂನಲ್ಲೇ ಇವೆ.

ಈ ಗಲಾಟೆಯಲ್ಲಿ ನಮ್ಮೂರಿನ ಬ್ಯಾಂಡ್ ಹುಡುಗರಿಗೂ ಎರಡು ಮಾತು. ಬೆಂಗಳೂರಲ್ಲಿ ಬರೆಯೋನು ಬ್ಯಾಂಡ್ ಬಿಡೋದಕ್ಕೆ ಕಾರಣ ಎರಡೇ: ಆನ್‌ಸೈಟ್, ಇಲ್ಲಾ ಮದುವೆ. ಹೋಗೋ ಮುಂಚೆ ಟೀ ಕುಡಿಯುತ್ತಾ “ಹಾಡೆಲ್ಲ ನೀವೇ ಇಟ್ಕೊಳ್ರೋ” ಅಂತಾನೆ. ಆ ಮಾತಿಗೆ ಕಾನೂನಿನಲ್ಲಿ ಬೆಲೆ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ಬರೆದುಕೊಡಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ ಐದೇ ವರ್ಷ, ಯಾವ ಪ್ರದೇಶ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಸಾಹಿತ್ಯ ಒಂದು ಕೃತಿ, ಸಂಗೀತ ಇನ್ನೊಂದು, ಧ್ವನಿಮುದ್ರಿಕೆ ಮೂರನೇದು, ಮೂರಕ್ಕೂ ಬೇರೆಬೇರೆ ಒಡೆಯರು ಇರಬಹುದು. ಪ್ರತಿ ಹಾಡಿಗೆ ಒಂದು ಹಾಳೆ: ಯಾರು ಏನು ಮಾಡಿದರು, ಎಷ್ಟು ಪಾಲು, ತಾರೀಖು, ಎಲ್ಲರ ಸಹಿ. ಹೋಗೋನ ಲ್ಯಾಪ್‌ಟಾಪ್‌ನಿಂದ ರೆಕಾರ್ಡಿಂಗ್ ಕಡತಗಳನ್ನ ಒಂದೊಂದು ವಾದ್ಯ ಬಿಡಿಬಿಡಿಯಾಗಿ, ಎಲ್ಲ ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಶುರುವಾಗೋ ಹಾಗೆ ತೆಗೆಸಿಕೊಳ್ಳಿ. ಪ್ರಾಜೆಕ್ಟ್ ಫೈಲ್ ಒಂದನ್ನೇ ಇಟ್ಟುಕೊಂಡರೆ ಆರು ತಿಂಗಳಾದ ಮೇಲೆ ಯಾವುದೋ ಪ್ಲಗಿನ್ ಇಲ್ಲ ಅಂತ ತೆರೆಯೋದೇ ಇಲ್ಲ. ವಾಟ್ಸಾಪ್‌ನಲ್ಲಿ ಬಂದ ಎಂಪಿತ್ರೀಯಿಂದ ಹಾಡು ಮತ್ತೆ ಕಟ್ಟೋಕಾಗಲ್ಲ. ಆಮೇಲೆ ಹೊಸ ಹಾಡುಗಾರರಿಗೆ ಒಗ್ಗೋ ಶ್ರುತಿ ಮೊದಲು ಹುಡುಕಿ, ವಾದ್ಯ ಆಮೇಲೆ. ದನಿ ಮತ್ತು ಬಾಸ್ ಎರಡನ್ನೇ ಇಟ್ಟುಕೊಂಡು ಇಡೀ ಹಾಡು ನಡೆಯುತ್ತಾ ನೋಡಿ. ನಡೆಯದಿದ್ದರೆ ಆರು ವಾದ್ಯ ಸೇರಿಸಿದರೂ ನಡೆಯಲ್ಲ.

ತಪ್ಪೊಪ್ಪಿಗೆ: ಆರನೇ ಹಾಡು ‘ಮೇರಿ’ ನನಗೂ ಮೊದಲ ಮೂರು ಸಲ ಹತ್ತಲಿಲ್ಲ. ಮೂವರೂ ಒಟ್ಟಿಗೆ ಹಾಡೋ ಹಾಡು, ಶಾಲೆಯಲ್ಲಿ ಎಲ್ಲರೂ ಗೋಳುಹೊಯ್ದುಕೊಳ್ಳೋ ಹುಡುಗಿಯ ಬಗ್ಗೆ. ಮೊಬೈಲ್ ಸ್ಪೀಕರ್‌ನಲ್ಲಿ ಮೂರು ದನಿ ಒಂದಾಗಿ ಕೇಳ್ತಿತ್ತು. ಹೆಡ್‌ಫೋನ್ ಹಾಕಿದ ಮೇಲೆ, ಒಂದು ದನಿಯನ್ನ ಮಾತ್ರ ಹಿಡಿದು ಕೊನೆಯವರೆಗೆ ಹೋಗಿ, ಮತ್ತೆ ಇನ್ನೊಂದನ್ನ ಹಿಡಿದು ಹೋದಾಗ ಗೊತ್ತಾಯ್ತು. ಒಂಟಿ ಹುಡುಗಿಯ ಕತೆಯನ್ನ ಮೂರು ಜನ ಒತ್ತೊತ್ತಾಗಿ ನಿಂತು ಹಾಡ್ತಿದ್ದಾರೆ.

ಕೆಫೆಯವರೇ, ಮುಂದಿನ ಭಾನುವಾರ ಅದೇ ರೆಕಾರ್ಡ್ ಇಡಿ. ಆರನೇ ಹಾಡಿಂದ ಶುರುಮಾಡಿ. ಹಿಂದಿನ ಸಾಲಿನ ಗುರುಗಳಿಗೆ ಫಿಲ್ಟರ್ ಕಾಫಿ ನನ್ನ ಲೆಕ್ಕದಲ್ಲಿ, ‘ಮೇರಿ’ ಮುಗಿಯೋವರೆಗೆ ಬಾಯಿ ಬಿಡಬಾರದು ಅಷ್ಟೇ.