ಎರಡು ಚೊಂಬು ಸಾಲದು

ಕೋಲಾರದ ನಮ್ಮ ಮನೆಯ ಬಚ್ಚಲಲ್ಲಿ ಬೋರ್ ನೀರಿನ ಬಿಳಿ ಕಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅದಕ್ಕೆ ಆಸಿಡ್ಡೇ ಬೇಕು. ಗಾಡಿಯವನು ಹಳೇ ನೀರಿನ ಬಾಟಲಿಯಲ್ಲಿ ತುಂಬಿ ಕೊಡುತ್ತಾನೆ. ಮೇಲೆ ಒಂದು ಚೀಟಿಯೂ ಇರುವುದಿಲ್ಲ.

ನಾನಿರುವ ನ್ಯೂಜೆರ್ಸಿಯ ಅಂಗಡಿಯಲ್ಲೂ ಅದೇ ಹೈಡ್ರೋಕ್ಲೋರಿಕ್ ಆಸಿಡ್ ಸಿಗುತ್ತದೆ. ಆದರೆ ಇಲ್ಲಿ ಬ್ಲೀಚ್ ಬಾಟಲಿಯ ಬೆನ್ನ ಮೇಲೂ ಬರೆದಿರುತ್ತಾರೆ: ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ 15–20 ನಿಮಿಷ ನೀರು ಬಿಡಿ, ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಮೊದಲ 5 ನಿಮಿಷ ಆದ ಮೇಲೆ ತೆಗೆದು ಮತ್ತೆ ತೊಳೆಯಿರಿ. ನಿಜ ಹೇಳಬೇಕೆಂದರೆ ಹತ್ತು ವರ್ಷ ನಾನೂ ಅದನ್ನು ಓದಿರಲಿಲ್ಲ. ಓದಿದ್ದು ಅತ್ತಿಗೆಯ ಕಣ್ಣಿಗೆ ಆಸಿಡ್ ಸಿಡಿದ ಮೇಲೆ.

ಅವತ್ತು ಕರೆಂಟ್ ಇರಲಿಲ್ಲ, ಟ್ಯಾಂಕ್ ಖಾಲಿ. ಎರಡು ಚೊಂಬು ನೀರು ಎರಚಿಕೊಂಡು ಆಟೋ ಹತ್ತಿದರು. ಪಕ್ಕದ ಮನೆಯವರು ಹರಳೆಣ್ಣೆ ಹಿಡಿದು ಓಡಿ ಬಂದಿದ್ದರಂತೆ, ಸದ್ಯ ಹಾಕಲಿಲ್ಲ. ಆಸ್ಪತ್ರೆಯಲ್ಲಿ ಮೊದಲು ಮಾಡಿದ್ದೇನು ಗೊತ್ತಾ? ಸಲೈನ್ ಬಾಟಲಿ ತೂಗುಹಾಕಿ ಅರ್ಧ ಗಂಟೆ ಕಣ್ಣು ತೊಳೆದರು, ಅಷ್ಟೇ. ಔಷಧಿ ಆಮೇಲೆ. ಅಂದರೆ ಆಟೋದಲ್ಲಿ ಹೋದ ಹೊತ್ತೆಲ್ಲ ಸುಮ್ನೆ ಹೋಯಿತು. ಪುಣ್ಯಕ್ಕೆ ಕಣ್ಣು ಉಳಿಯಿತು.

ಆಸಿಡ್ ಅಂದರೆ ಹೆದರುವ ನಮ್ಮಮ್ಮ ಸುಣ್ಣಕ್ಕೆ ಹೆದರುವುದಿಲ್ಲ. ನಿಜದಲ್ಲಿ ಕಣ್ಣಿಗೆ ಸುಣ್ಣವೇ ಜಾಸ್ತಿ ಕೆಟ್ಟದ್ದು. ಆಸಿಡ್ ಬಿದ್ದರೆ ಕಣ್ಣಿನ ಮೇಲ್ಪದರ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗಿ, ಒಳಗೆ ಇಳಿಯುವುದನ್ನು ಒಂದಿಷ್ಟು ತಡೆಯುತ್ತದೆ. ಸುಣ್ಣ, ಕಾಸ್ಟಿಕ್ ಸೋಡಾ ಹಾಗಲ್ಲ, ಕರಗಿಸಿಕೊಂಡು ಒಳಗೇ ಹೋಗುತ್ತವೆ. ಸುಣ್ಣದ ಚೂರು ರೆಪ್ಪೆಯ ಅಡಿ ಕೂತರೆ ತೊಳೆಯುತ್ತಿದ್ದರೂ ಸುಡುತ್ತಲೇ ಇರುತ್ತದೆ. ಎಲೆ ಅಡಿಕೆಯ ಸುಣ್ಣದ ಪ್ಯಾಕೆಟ್ಟನ್ನು ಮಕ್ಕಳು ಹಿಚುಕಿ ಆಡುವುದನ್ನು ನೋಡಿದರೆ ನನಗೆ ಈಗ ಎದೆ ಝಲ್ ಎನ್ನುತ್ತದೆ.

ಹಾಗಂತ ಅಮೆರಿಕವೇ ಮೇಲು ಅನ್ನುವುದಿಲ್ಲ. ಇಲ್ಲಿ ಚೀಟಿ ಇದೆ, ನಲ್ಲಿಯಲ್ಲಿ ನೀರಿದೆ, ಮನೆಯಲ್ಲಿ ನಾನೊಬ್ಬನೇ. ಕಣ್ಣು ಮುಚ್ಚಿಕೊಂಡು ಸಿಂಕ್ ತಡಕಾಡಬೇಕು. ಊರಲ್ಲಿ ಕೂಗಿದರೆ ನಾಲ್ಕು ಜನ ಬರುತ್ತಾರೆ. ಒಬ್ಬರು ರೆಪ್ಪೆ ಬಿಡಿಸಿ ಹಿಡಿದು, ಇನ್ನೊಬ್ಬರು ಚೊಂಬಿನಲ್ಲಿ ಸಣ್ಣಗೆ ನೀರು ಬಿಡಬಹುದು. ಪೆಟ್ಟಾದ ಕಣ್ಣು ಕೆಳಗಿರಬೇಕು, ಇಲ್ಲದಿದ್ದರೆ ಆ ನೀರು ಇನ್ನೊಂದು ಕಣ್ಣಿಗೆ ಹರಿಯುತ್ತದೆ. ನಮಗೆ ಕೊರತೆ ಜನರದ್ದಲ್ಲ, ನೀರಿನದ್ದು.

ಈಗ ಬಚ್ಚಲ ಮೂಲೆಯಲ್ಲಿ ಮುಚ್ಚಳ ಹಾಕಿದ ಒಂದು ಡ್ರಮ್ ಇದೆ. ಬಟ್ಟೆ ಒಗೆಯಲು ಅದರಿಂದ ಒಂದು ಚೊಂಬು ತೆಗೆದರೂ ಅತ್ತಿಗೆ ಯಾರನ್ನೂ ಬಿಡುವುದಿಲ್ಲ, ಅಣ್ಣನನ್ನೂ.